ಮಡಿಕೇರಿಯಲ್ಲಿ ಊಟಕ್ಕೆ ಕೂತಾಗ

ಶನಿವಾರ ಸಂಜೆ ರಾಜಾಸೀಟಿನಲ್ಲಿ ಸೂರ್ಯ ಮುಳುಗಿದ್ದೇ ತಡ, ಅಲ್ಲಿ ನೆರೆದ ಅಷ್ಟೂ ಜನಕ್ಕೆ ಒಟ್ಟಿಗೇ ಹಸಿವಾಗುತ್ತದೆ. ಬೆಂಗಳೂರಿನ ಕಾರುಗಳು ಒಂದರ ಬಾಲ ಒಂದು ಹಿಡಿದು ಪೇಟೆ ಕಡೆ ತಿರುಗುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಹೋಟೆಲುಗಳ ಬಾಗಿಲಲ್ಲಿ ಹೆಸರು ಬರೆಸಿ ಕಾಯುವವರ ಗುಂಪು. ಒಳಗೆ ಕೂತವರು ಬೇಗ ಏಳಲಿ ಎಂದು ಹೊರಗಿನವರು ಗಾಜಿನಾಚೆಯಿಂದಲೇ ಅವರ ತಟ್ಟೆ ನೋಡುತ್ತಿರುತ್ತಾರೆ. ಕೊನೆಗೂ ಜಾಗ ಸಿಕ್ಕಿ ಕೂತವರು ಹೇಳುವುದೇನು? ಗೋಬಿ ಮಂಚೂರಿ, ಬಟರ್ ನಾನ್, ಪನೀರ್ ಬಟರ್ ಮಸಾಲ. ಸಾವಿರದ ನೂರು ಮೀಟರಿಗೂ ಎತ್ತರದ ಊರಿಗೆ ಅಷ್ಟೊಂದು ತಿರುವು ಸುತ್ತಿಕೊಂಡು ಬಂದದ್ದು ಜಯನಗರದಲ್ಲೂ ಸಿಗುವ ನಾನಿಗೆ! ಬೈಯಲು ಮನಸ್ಸು ಬರುವುದಿಲ್ಲ, ಬಿಡಿ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ಮಗುವಿನ ಮುಂದೆ ಹೊಸ ರುಚಿ ಇಡುವ ಧೈರ್ಯ ಯಾವ ತಾಯಿಗೂ ಇರುವುದಿಲ್ಲ.

ಈ ಊರಿನ ಹೋಟೆಲುಗಳ ಜಾತಕ ಅದರ ರಸ್ತೆಗಳಲ್ಲಿದೆ. ಮಂಗಳೂರು ದಾರಿ ಹಿಡಿದು ಘಟ್ಟ ಹತ್ತಿ ಇಡ್ಲಿ ವಡೆ, ನೀರುದೋಸೆ, ಮೀನು ಬಂದವು. ವಿರಾಜಪೇಟೆ ಕಡೆಯಿಂದ ಮಲಬಾರಿನ ಪರೋಟ, ಬಿರಿಯಾನಿ ಬಂದವು. ಮೈಸೂರು ಕಡೆಯಿಂದ ಮುದ್ದೆ, ಬಸ್ಸಾರು. ಕೊಡವರ ಅಡುಗೆ ಮಾತ್ರ ಎಲ್ಲಿಂದಲೂ ಬರಬೇಕಾಗಿರಲಿಲ್ಲ, ಮನೆಯಲ್ಲೇ ಇತ್ತು. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ, ಮದುವೆಯಲ್ಲಿ, ಪುತ್ತರಿ ಹಬ್ಬದಲ್ಲಿ ಉಣ್ಣುವ ಊಟವದು. ದುಡ್ಡು ಕೊಟ್ಟು ಅದನ್ನು ಉಣ್ಣುವವರು ಹೊರಗಿನಿಂದ ಬಂದ ಮೇಲೆ ಪೇಟೆಯಲ್ಲಿ 'ಕೂರ್ಗ್ ಸ್ಟೈಲ್' ಎಂಬ ಬೋರ್ಡುಗಳು ಎದ್ದವು. ಬೋರ್ಡನ್ನು ನಂಬಬೇಕೋ ಬೇಡವೋ ಎಂಬುದು ಒಳಗೆ ಹೋಗಿ ಕೂತ ಮೇಲಿನ ಮಾತು.

ಹಂದಿಮಾಂಸದ ಪಂದಿಕರಿಯನ್ನೇ ನೋಡಿ. ತಟ್ಟೆಗೆ ಬಂದದ್ದು ಕೆಂಪಗೆ, ಎಣ್ಣೆ ತೇಲುತ್ತ, ಟೊಮೆಟೊ ಸಿಪ್ಪೆ ಸುರುಳಿಕೊಂಡು ಇದ್ದರೆ ಅದು ಕೂರ್ಗೂ ಅಲ್ಲ, ಸ್ಟೈಲೂ ಅಲ್ಲ. ಅಸಲಿಯ ಬಣ್ಣ ಹೆಚ್ಚುಕಡಿಮೆ ಕಪ್ಪು. ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸನ್ನು ಇನ್ನೇನು ಸೀದೀತು ಅನ್ನುವವರೆಗೆ ಹುರಿದು ಪುಡಿ ಮಾಡಿರುತ್ತಾರೆ. ಅದರ ಮೇಲೆ ಕಾಚಂಪುಳಿ. ಉಪ್ಪಾಗೆ ಹಣ್ಣು ಕೊಳೆತು ಸುರಿಸಿದ ರಸವನ್ನು ಕಾಯಿಸಿ ಕಾಯಿಸಿ ಕಪ್ಪಾಗಿ ಮಂದವಾಗುವಂತೆ ಇಳಿಸಿದ ಹುಳಿ ಅದು. ಅಡುಗೆ ಮುಗಿಯುವ ಹೊತ್ತಿಗೆ ಚಮಚದ ಲೆಕ್ಕದಲ್ಲಿ ಬಿಟ್ಟರೆ ಸಾಕು. ಬಾಯಿಗೆ ಮೊದಲು ಮೆಣಸಿನ ಖಾರ, ಆಮೇಲೆ ಕೊಬ್ಬಿನ ಮೆತುವು, ಅದು ಜಾಸ್ತಿಯಾಯಿತು ಅನ್ನಿಸುವಷ್ಟರಲ್ಲಿ ಹಿಂದಿನಿಂದ ಈ ಹುಳಿ ಬಂದು ನಾಲಿಗೆ ತೊಳೆದುಕೊಡುತ್ತದೆ. ವಿನೆಗರ್ ಹಾಕಿದರೆ ಹುಳಿಯೇ ಮುಂದೆ ನುಗ್ಗುತ್ತದೆ, ಮಿಕ್ಕದ್ದೆಲ್ಲ ಹಿಂದೆ ಬೀಳುತ್ತದೆ.

ಜೊತೆಗೆ ಕಡಂಬುಟ್ಟು. ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟದ್ದು. ಬಿಸಿ ಇರುವಾಗ ಬೆರಳಿನಿಂದ ಒತ್ತಿದರೆ ಸೀಳುತ್ತದೆ, ಒಳಗಿನಿಂದ ಹಬೆ ಬರುತ್ತದೆ, ತರಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆ ಸೀಳಿಗೆ ಕರಿಯ ರಸ ಸುರಿದು ಕ್ಷಣ ಬಿಟ್ಟು ತಿನ್ನಬೇಕು. ಮಧ್ಯಾಹ್ನವೇ ಮಾಡಿಟ್ಟು ರಾತ್ರಿ ಕೊಟ್ಟರೆ ಮೇಲ್ಮೈ ಒಣಗಿ ಹಾಕಿ ಚೆಂಡಾಗಿರುತ್ತದೆ. ಕೊಡಗಿನಲ್ಲಿ ಹಾಕಿಗೆ ಮರ್ಯಾದೆ ಇದೆ ನಿಜ, ಆದರೆ ತಟ್ಟೆಯಲ್ಲಿ ಅಲ್ಲ. ಮಾಂಸ ತಿನ್ನದವರು ಒತ್ತು ಶಾವಿಗೆಯಂಥ ನೂಪುಟ್ಟಿಗೆ ತೆಂಗಿನಹಾಲು, ಬೆಲ್ಲ ಹಾಕಿಸಿಕೊಂಡು ಸುಖವಾಗಿರಬಹುದು. ಅವರನ್ನು ನೋಡಿ ಪಕ್ಕದ ಟೇಬಲಿನ ಪಂದಿಕರಿಯವರೂ ಒಂದು ಪ್ಲೇಟ್ ಹೇಳುವುದನ್ನು ಕಂಡಿದ್ದೇನೆ.

ನನಗೆ ಇಷ್ಟವಾಗುವುದು ಮಳೆಗಾಲದ ಮಡಿಕೇರಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿಗೆ ಜುಲೈ, ಆಗಸ್ಟಿನಲ್ಲಿ ಪ್ರವಾಸಿಗರು ಕಡಿಮೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಮೇಲಂತೂ ಜೋರು ಮಳೆ ಎಂದರೆ ಊರಿನವರೂ ಆಕಾಶ ನೋಡಿಯೇ ಮಾತಾಡುತ್ತಾರೆ. ಆದರೆ ಬಾಯಿಗೆ ಅದೇ ಸುಗ್ಗಿ. ಮಹದೇವಪೇಟೆಯ ಶುಕ್ರವಾರದ ಸಂತೆಗೆ ಎಳೆಬಿದಿರಿನ ಕಣಿಲೆ ಬರುತ್ತದೆ, ಕಾಡಣಬೆ ಬರುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಕಟ್ಟುಗಳೂ ಬರುತ್ತವೆ. ಅದರ ನೇರಳೆ ರಸದಲ್ಲಿ ಮಾಡಿದ ಪಾಯಸ ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ. ಗೊತ್ತಿಲ್ಲದ ಅತಿಥಿಗೆ ಹೇಳದೆ ಬಡಿಸಿ ತಮಾಷೆ ನೋಡುವವರೂ ಇದ್ದಾರೆ, ಹುಷಾರು.

ಅಂಥ ಒಂದು ಮಳೆಯಲ್ಲಿ, ಕಾಲೇಜು ರಸ್ತೆಯಿಂದ ಒಳಗೆ ತಿರುಗಿದ ಓಣಿಯ ಸಣ್ಣ ಹೋಟೆಲಿಗೆ ಛತ್ರಿ ಕೊಡವುತ್ತ ಹೋದೆ. ಕರೆಂಟ್ ಇರಲಿಲ್ಲ. ಗಲ್ಲಾದ ಹತ್ತಿರ ಮೊಂಬತ್ತಿ, ಅದರ ಹಿಂದೆ ಸ್ವೆಟರ್ ತೊಟ್ಟ ಯಜಮಾನಿ.

"ಅಕ್ಕಾ, ಕಣಿಲೆ ಪಲ್ಯ ಉಂಟಾ?"

"ಇವತ್ತಿಲ್ಲ. ಕತ್ತರಿಸಿ ನೀರಿಗೆ ಹಾಕಿದ್ದೇವೆ. ನಾಡಿದ್ದು ಬನ್ನಿ."

"ಅಣಬೆ?"

"ಬೆಳಿಗ್ಗೆ ಬಂದದ್ದು ಮಧ್ಯಾಹ್ನಕ್ಕೇ ಮುಗೀತು."

ಈ 'ಇಲ್ಲ'ಗಳನ್ನು ಕೇಳಿ ನನಗೆ ಆ ಹೋಟೆಲಿನ ಮೇಲೆ ಪೂರ್ತಿ ಭರವಸೆ ಬಂತು. ಕಣಿಲೆಯ ಕಹಿ ಮತ್ತು ವಿಷ ಹೋಗಬೇಕಾದರೆ ದಿನಾ ನೀರು ಬದಲಿಸುತ್ತ ಕಾಯಬೇಕು. ಗಿರಾಕಿ ಬಂದ ಎಂದು ಅದು ಬೇಗ ಆಗುವುದಿಲ್ಲ. ಹತ್ತು ಪುಟದ ಲ್ಯಾಮಿನೇಟ್ ಮೆನು ಕೊಟ್ಟು, ಕೇಳಿದ್ದಕ್ಕೆಲ್ಲ "ಇದೆ ಸಾರ್" ಎನ್ನುವ ಕಡೆ ನನಗೆ ಯಾವಾಗಲೂ ಫ್ರಿಜ್ಜಿನ ನೆನಪಾಗುತ್ತದೆ. ಮಡಿಕೇರಿಗೆ ಹೋಗುವವರು ಏನಿದೆ ಎಂದು ಕೇಳುವ ಬದಲು ಏನಿಲ್ಲ ಎಂದು ಕೇಳುವುದು ಒಳ್ಳೆಯದು. ಅಂದು ಇದ್ದದ್ದು ಅಕ್ಕಿ ಒಟ್ಟಿ, ಕೋಳಿ ಕರಿ, ಕಾಡುಮಾವಿನ ಉಪ್ಪಿನಕಾಯಿ. ಒಟ್ಟಿ ಹೆಂಚಿನಿಂದ ಕೆಂಡಕ್ಕೆ ಜಾರಿ ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು ಬಂತು. ಮತ್ತೊಂದು ಕೇಳಿದೆ, ಇನ್ನೂ ಒಂದು ಕೇಳಿದೆ.

ದುಡ್ಡು ಕೊಡುವಾಗ ಗಲ್ಲಾದ ಪಕ್ಕ ಕಾಚಂಪುಳಿ ಬಾಟಲಿಗಳನ್ನು ಸಾಲಾಗಿ ಇಟ್ಟದ್ದು ಕಂಡಿತು. ಒಂದನ್ನು ಓರೆ ಮಾಡಿದೆ, ಒಳಗಿನದು ಅವಸರವಿಲ್ಲದೆ ಹೊರಳಿತು. ಎಷ್ಟು ದಿನ ಇಡಬಹುದು ಎಂದು ಕೇಳಿದೆ.

"ವರ್ಷಗಟ್ಟಲೆ ಇಡಿ, ಏನೂ ಆಗೂದಿಲ್ಲ," ಎಂದು ಚಿಲ್ಲರೆ ಎಣಿಸುತ್ತ ಹೇಳಿದರು ಯಜಮಾನಿ. "ಆದರೆ ಟೊಮೆಟೊ ಜೊತೆ ಹಾಕ್ತೀರಾದ್ರೆ ಈಗಲೇ ವಾಪಸ್ ಇಡಿ."