ಎಡಗಡೆ ಪುಟ (ನೋಟ್ಸ್ ಕಥೆಗಳು, ಭಾಗ 4)

ಮೊದಲ ಫೋಟೊ ನೋಡಿ. ಇನ್ನೂರು ಪುಟದ ಉದ್ದ ನೋಟ್‌ಬುಕ್. ಬೈಂಡ್ ಹಾಕಿದ ಖಾಕಿ ಪೇಪರ್ ಮೂಲೆಯಲ್ಲಿ ಹರಿದಿದೆ, ಒಳಗೆ ಶಿರಾ–ತುಮಕೂರು ಬಸ್ ಟಿಕೆಟ್ ಒಂದು ಇನ್ನೂ ಸಿಕ್ಕಿಕೊಂಡಿದೆ. "ಪಿಯುಸಿಯಲ್ಲಿ ನೋಟ್ಸ್ ಹೇಗೆ ಮಾಡ್ಕೋತಿದ್ರಿ, ಹೇಳಿ" ಅಂತ ನಿಮ್ಮಲ್ಲಿ ಸುಮಾರು ಜನ ಕೇಳಿದ್ರಿ. ಹೇಳ್ತೀನಿ. ಆದರೆ ಈ ನೋಟ್‌ಬುಕ್ ತೋರಿಸಿದರೆ ನಾನು ಮಾಡಿದ ಒಂದು ಸಣ್ಣತನವನ್ನೂ ಹೇಳಬೇಕಾಗುತ್ತೆ.

ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ವಿಜ್ಞಾನದಲ್ಲಿ ಊರಿಗೇ ಹೆಚ್ಚು ಮಾರ್ಕ್ಸ್. ಆ ಜಂಬದಲ್ಲೇ ಸೈನ್ಸ್ ತಗೊಂಡು ತುಮಕೂರಿನ ಹಾಸ್ಟೆಲ್ ಸೇರಿದೆ. ಮೊದಲ ವಾರ ಫಿಸಿಕ್ಸ್ ಲೆಕ್ಚರರ್ ಬೋರ್ಡ್ ಮೇಲೆ ಬರೆದದ್ದನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಕಾಪಿ ಮಾಡಿದ್ದೆ. ಒಂದಕ್ಷರ ಅರ್ಥ ಆಗಿರಲಿಲ್ಲ. ವೇಗೋತ್ಕರ್ಷ ಗೊತ್ತಿತ್ತು, ಆಕ್ಸಿಲರೇಷನ್ ಗೊತ್ತಿರಲಿಲ್ಲ. ಸಂವೇಗ ಗೊತ್ತಿತ್ತು, ಮೊಮೆಂಟಮ್ ಯಾರೋ ಹೊಸಬ. ನಾನೇ ಕಲಿತಿದ್ದ ಪಾಠಗಳು ವೇಷ ಹಾಕ್ಕೊಂಡು ಬಂದು ಎದುರು ನಿಂತಿವೆ, ನನಗೆ ಗುರುತೇ ಸಿಗ್ತಿಲ್ಲ. ಮೊದಲ ಟೆಸ್ಟಲ್ಲಿ 25ಕ್ಕೆ 4 ಬಂತು.

ಕನ್ನಡ ಮೀಡಿಯಂನಿಂದ ಬಂದವರಿಗೆ ಇದು ಹೊಸದಲ್ಲ, ಅಲ್ವಾ? ನಿಮ್ಮ ಮಾರ್ಕ್ಸ್ ಎಷ್ಟಿತ್ತೋ ಕೇಳಲ್ಲ ಬಿಡಿ.

ಆಗ ಶುರುವಾಗಿದ್ದು ಎಡಗಡೆ ಪುಟ. ಬಲಗಡೆ ಪುಟದಲ್ಲಿ ಬೋರ್ಡ್ ಮೇಲಿನ ಇಂಗ್ಲಿಷ್. ಎಡಗಡೆ ಖಾಲಿ. ರಾತ್ರಿ ಊಟ ಆದ ಮೇಲೆ ಬಲಗಡೆ ಪುಟದ ಮೇಲೆ ಪ್ಲೇಟೊಂದನ್ನ ಮುಚ್ಚಿ, ನನಗೆ ತಿಳಿದಷ್ಟನ್ನು ಎಡಗಡೆ ಕನ್ನಡದಲ್ಲಿ ಬರೆಯೋದು. ತಿಳಿಯದೇ ಇದ್ದಲ್ಲಿ ದೊಡ್ಡ ಪ್ರಶ್ನೆ ಚಿಹ್ನೆ.

ಎರಡನೇ ಫೋಟೊದಲ್ಲಿ ಓದಿ, ನಗು ಬರುತ್ತೆ. "ಮೊಮೆಂಟ್ ಆಫ್ ಇನರ್ಷಿಯಾ" ಎದುರಿಗೆ "ಜಡತ್ವದ ಕ್ಷಣ" ಅಂತಿದೆ. ಪಾಕೆಟ್ ಡಿಕ್ಷನರಿಯಲ್ಲಿ ಮೊಮೆಂಟ್ ಅಂದ್ರೆ ಕ್ಷಣ ಅಂತಿತ್ತು, ನಾನೇನ್ ಮಾಡ್ಲಿ! ಎರಡು ತಿಂಗಳ ನಂತರ ಅದನ್ನ ಹೊಡೆದುಹಾಕಿ ಕೆಳಗೆ ಬರೆದಿದ್ದೀನಿ: "ಕ್ಷಣ ಅಲ್ಲ. ಅದೇ ತೂಕ ನಡುವಿನಿಂದ ದೂರ ಹೋದಷ್ಟೂ ತಿರುಗಿಸೋಕೆ ಕಷ್ಟ." ಟಾರ್ಕ್ ಎದುರಿಗೆ ಅಜ್ಜಿಯ ಬೀಸುಕಲ್ಲಿನ ಚಿತ್ರ. ಬೀಸೋ ಗೂಟ ಕಲ್ಲಿನ ಅಂಚಿನಲ್ಲೇ ಯಾಕಿರುತ್ತೆ, ನಡುವೆ ಯಾಕಿಲ್ಲ? ಅಷ್ಟು ಬರೆದ ಮೇಲೆ ಆ ಪಾಠ ನನಗೆ ಮರೆತೇ ಹೋಗಿಲ್ಲ, ಇವತ್ತಿಗೂ.

ಈಗ ಗೊತ್ತಾಗುತ್ತೆ, ಪ್ಲೇಟ್ ಮುಚ್ಚಿದ್ದೇ ದೊಡ್ಡ ಕೆಲಸ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಃಶಾಸ್ತ್ರಜ್ಞರು ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಕೇಳಿದರೆ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ. ಹಳದಿ ಹೈಲೈಟರ್‌ನಲ್ಲಿ ಪುಟ ಪೂರ್ತಿ ಅರಿಶಿನ ಬಳಿಯೋರು ಇದನ್ನ ಇನ್ನೊಂದು ಸಲ ಓದಿ. ನಾನೂ ಬಳಿದವಳೇ.

ಎಲ್ಲಾ ಸಬ್ಜೆಕ್ಟ್‌ಗೂ ಒಂದೇ ಥರ ನೋಟ್ಸ್ ಆಗಲ್ಲ ಅಂತ ತಿಳಿಯೋಕೆ ಒಂದು ವರ್ಷ ಬೇಕಾಯ್ತು. ಕೆಮಿಸ್ಟ್ರಿ ಲ್ಯಾಬಲ್ಲಿ ಜ್ವಾಲೆಯ ಬಣ್ಣ ನೋಡಿ ಲವಣ ಗುರುತಿಸಬೇಕು. ಬೇರಿಯಂಗೆ "ಆ್ಯಪಲ್ ಗ್ರೀನ್" ಅಂತ ಮ್ಯಾನ್ಯುಯಲ್ ಹೇಳುತ್ತೆ. ನಾನು ಅಲ್ಲಿವರೆಗೆ ನೋಡಿದ ಸೇಬೆಲ್ಲ ಕೆಂಪು! ಅದಕ್ಕೇ ಎಡಗಡೆ "ಎಳೇ ಬಾಳೆ ಎಲೆ" ಅಂತ ಬರ್ಕೊಂಡೆ. ಕ್ಯಾಲ್ಸಿಯಂನ "ಬ್ರಿಕ್ ರೆಡ್"ಗೆ ಮಾತ್ರ ಕಷ್ಟಪಡಲಿಲ್ಲ, ನಮ್ಮ ಊರಾಚೆ ಇಟ್ಟಿಗೆ ಗೂಡಿತ್ತು. ಬಯಾಲಜಿಗೆ ವಾಕ್ಯ ಬೇಡ, ಚಿತ್ರ ಸಾಕು: ನೋಡದೆ ಹೃದಯ ಬರೆದು ಭಾಗಗಳನ್ನ ಗುರುತಿಸಿದರೆ ಅರ್ಧ ಪಾಠ ಮುಗೀತು. ಗಣಿತಕ್ಕೆ ನಾನು ನೋಟ್ಸೇ ಮಾಡಲಿಲ್ಲ. ತಪ್ಪಿದ ಲೆಕ್ಕಗಳದ್ದೇ ಒಂದು ಪುಸ್ತಕ ಇಟ್ಟಿದ್ದೆ. ಅದರ ಕಥೆ ದೊಡ್ಡದು, ಇಲ್ಲಿ ಬೇಡ.

ಒಂದು ಮಾತು ಮಧ್ಯದಲ್ಲಿ. ಆಗ ನಾನು "ಈ ಕನ್ನಡ ಪದಗಳನ್ನ ಕಲಿತು ಏನು ಬಂತು" ಅಂತ ಬೈಕೊಂಡಿದ್ದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ಕನ್ನಡದಲ್ಲಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದಿದ್ದರು ಅಂತ ಆಮೇಲೆ ತಿಳೀತು. ಬೆಳ್ಳಾವೆ ಎಲ್ಲಿದೆ ಗೊತ್ತಾ? ತುಮಕೂರಿನ ಪಕ್ಕ. ನಾನು ಪ್ರಶ್ನೆ ಚಿಹ್ನೆ ಹಾಕ್ತಾ ಕೂತಿದ್ದ ಹಾಸ್ಟೆಲ್‌ನಿಂದ ಬಸ್ಸಲ್ಲಿ ಹೋಗಿಬರೋ ಊರು.

ಸರಿ, ಈಗ ಆ ಸಣ್ಣತನ.

ನನ್ನ ರೂಮ್‌ಮೇಟ್ ಕೂಡ ಕನ್ನಡ ಮೀಡಿಯಂ. ನನಗಿಂತ ಚೆನ್ನಾಗಿ ಹಾಡ್ತಿದ್ಲು, ನನಗಿಂತ ಹೆಚ್ಚು ಅಳ್ತಿದ್ಲು. ಫಸ್ಟ್ ಇಯರ್ ಪರೀಕ್ಷೆಗೆ ಹದಿನೈದು ದಿನ ಇರುವಾಗ ಬಂದು, "ಫಿಸಿಕ್ಸ್ ನೋಟ್ಸ್ ಕೊಡೇ, ಎರಡೇ ದಿನ, ವಾಪಸ್ ಕೊಡ್ತೀನಿ" ಅಂದ್ಲು. ಕೊಟ್ಟೆ. ಈ ನೋಟ್‌ಬುಕ್ ಅಲ್ಲ. ಲೆಕ್ಚರರ್ ಸೈನ್ ಹಾಕೋಕೆ ಅಂತ ನೀಟಾಗಿ ಬರೆದ ಇನ್ನೊಂದಿತ್ತು, ಬರೀ ಇಂಗ್ಲಿಷ್, ಅವಳ ಹತ್ತಿರ ಇದ್ದದ್ದೇ ಅದು. "ನಿನ್ನ ಇನ್ನೊಂದು ಪುಸ್ತಕ?" ಅಂತ ಕೇಳಿದ್ಲು. "ಅದು ರಫ್ ಕಣೇ, ನನ್ನ ಅಕ್ಷರ ನನಗೇ ಓದೋಕಾಗಲ್ಲ" ಅಂದೆ. ಆ ಎರಡು ದಿನ ಇದು ನನ್ನ ದಿಂಬಿನ ಕೆಳಗಿತ್ತು.

ಯಾಕೆ ಅಂತ ಕೇಳಿದ್ರೆ ನೆಟ್ಟಗಿನ ಉತ್ತರ ಇಲ್ಲ. ಆರು ತಿಂಗಳು ರಾತ್ರಿ ನಿದ್ದೆಗೆಟ್ಟು ಬರೆದದ್ದು, ಎರಡು ದಿನದಲ್ಲಿ ಇನ್ನೊಬ್ಬಳು ನನ್ನ ಸಮಕ್ಕೆ ಬಂದುಬಿಟ್ರೆ ಅನ್ನೋ ಹೊಟ್ಟೆಕಿಚ್ಚು ಇರಬಹುದು. ಕ್ಲಾಸಲ್ಲಿ ನನಗಿಂತ ಹಿಂದೆ ಇದ್ದವಳು ಅವಳೊಬ್ಬಳೇ, ಅದೂ ಇರಬಹುದು.

ನಾನು ಪಾಸಾದೆ. ಅವಳದ್ದು ಫಿಸಿಕ್ಸ್ ಹೋಯ್ತು. ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದಳು, ಮುಂದಿನ ವರ್ಷ ಅಲ್ಲೇ ಹತ್ತಿರದ ಕಾಲೇಜಲ್ಲಿ ಆರ್ಟ್ಸ್ ಸೇರಿದಳು. ನೋಟ್‌ಬುಕ್ ಕೊಟ್ಟಿದ್ರೆ ಪಾಸಾಗ್ತಿದ್ಲಾ? ಹೇಳೋಕಾಗಲ್ಲ. ಹದಿನೈದು ದಿನ ಕಮ್ಮಿಯೇ. ಆದರೆ ಆ ಲೆಕ್ಕ ನಾನು ಇಷ್ಟು ವರ್ಷ ಎಷ್ಟು ಸಲ ಹಾಕಿದ್ದೀನೋ.

ಅವಳೀಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ಮೂರನೇ ಫೋಟೊ ಅವಳ ಮಕ್ಕಳ ನೋಟ್ಸು, ಅವಳೇ ಕಳಿಸಿದ್ದು. ಒಂದು ಗೆರೆ, ಗೆರೆ ಮೇಲೆ ಮೂರೇ ಇಸವಿ: 1799, 1831, 1881. ಟಿಪ್ಪು ಬಿದ್ದ ವರ್ಷ, ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತಗೊಂಡ ವರ್ಷ, ಒಡೆಯರಿಗೆ ವಾಪಸ್ ಕೊಟ್ಟ ವರ್ಷ. ನಡುವಿನ ಜಾಗದಲ್ಲಿ "ಯಾಕೆ?" ಅಂತ ಬರೆದು ಖಾಲಿ ಬಿಟ್ಟಿದ್ದಾಳೆ. ಅದನ್ನ ಮಕ್ಕಳು ಪುಸ್ತಕ ಮುಚ್ಚಿ ತುಂಬಬೇಕಂತೆ. ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹೋದ ತಿಂಗಳು ಫೋನ್ ಮಾಡಿದ್ಲು. ಅವಳ ಅಣ್ಣನ ಮಗಳು ಕನ್ನಡ ಮೀಡಿಯಂ ಮುಗಿಸಿ ಸೈನ್ಸ್ ಸೇರಿದ್ದಾಳೆ, ದಿನಾ ಅಳು. ಅದೂ ಇದೂ ಮಾತಾಡಿ ಕೊನೆಗೆ ಕೇಳಿದ್ಲು: "ನಿನ್ನ ದಿಂಬಿನ ಕೆಳಗಿನ ನೋಟ್‌ಬುಕ್ ಇನ್ನೂ ಇದೆಯೇನೇ?"

ನನಗೆ ಮಾತೇ ಹೊರಡಲಿಲ್ಲ. "ಇದೆ" ಅಂದೆ. ಕ್ಷಮಿಸು ಅಂತ ಶುರು ಮಾಡಿದೆ. "ಅಯ್ಯೋ ಬಿಡೇ, ಕೊರಿಯರ್ ಮಾಡು" ಅಂತ ಫೋನಿಟ್ಟಳು.

ಸಿಲಬಸ್ ಬದಲಾಗಿದೆ, ಕೆಲವು ಪಾಠ ಈಗ ಇಲ್ಲ, ಅಂತ ಒಂದು ಚೀಟಿ ಬರೆದು ಒಳಗಿಟ್ಟೆ. ಜೆರಾಕ್ಸ್ ನನ್ನ ಹತ್ತಿರ ಇಟ್ಕೊಂಡು ಒರಿಜಿನಲ್ಲೇ ಕಳಿಸಿದೆ. "ಜಡತ್ವದ ಕ್ಷಣ" ಓದಿ ಹುಡುಗಿ ಬಿದ್ದು ಬಿದ್ದು ನಕ್ಕಳಂತೆ.

ಎಡಗಡೆ ಪುಟಗಳಲ್ಲಿ ಆರು ಮುಂದಿನ ಫೋಟೊಗಳಲ್ಲಿವೆ. ಬೇಕಾದವರು ಸೇವ್ ಮಾಡ್ಕೊಳ್ಳಿ, ಸ್ಕ್ರೀನ್‌ಶಾಟ್ ತಗೊಳ್ಳಿ, ಯಾರಿಗೆ ಬೇಕಾದ್ರೂ ಕಳಿಸಿ, ನನ್ನ ಹೆಸರು ಹಾಕೋದೂ ಬೇಡ. ಭಾಗ 5ರಲ್ಲಿ ತಪ್ಪಿದ ಲೆಕ್ಕಗಳ ಪುಸ್ತಕ.

#ಪಿಯುಸಿ #ಕನ್ನಡಮೀಡಿಯಂ #ನೋಟ್ಸ್‌ಕಥೆಗಳು