ಮದ್ದು ರೋಗಕ್ಕೋ, ರೂಢಿಗೋ?

ನಮ್ಮ ಮನೆಯಲ್ಲಿ ಭಾನುವಾರವೆಂದರೆ ಪೂಜೆ ಮತ್ತು ಕೋಳಿಸಾರು. ಪೂಜೆ ಮುಗಿಸಿ ಬರುವ ದಾರಿಯಲ್ಲೇ ಒಂದು ಕೆ.ಜಿ. ಬ್ರಾಯ್ಲರ್ ಕೋಳಿ ಕೊಯ್ಯಿಸಿಕೊಂಡು ಬರುತ್ತೇವೆ. ಅಷ್ಟರಲ್ಲಿ ಅಮ್ಮ ಮಸಾಲೆ ಅರೆದಿಟ್ಟು ಕಾಯುತ್ತಿರುತ್ತಾರೆ. ಇದು ಎಷ್ಟೋ ವರ್ಷಗಳ ವಾಡಿಕೆ. ಆ ಕೋಳಿ ಎಲ್ಲಿ ಬೆಳೆಯಿತು, ಏನು ತಿಂದಿತು, ಯಾವ ಮದ್ದು ಕುಡಿಯಿತು ಎಂದು ನಾವು ಒಂದು ದಿನವೂ ಕೇಳಿದವರಲ್ಲ. ಕೇಳುವ ಹಾಗೆ ಮಾಡಿದ್ದು ಅಮ್ಮನ ಕಾಯಿಲೆ.

ಎರಡು ವರ್ಷದ ಹಿಂದೆ ಅಮ್ಮನಿಗೆ ಮೂತ್ರದ ಸೋಂಕಾಗಿ ಚಳಿಜ್ವರ ಬಂತು. ಮೊದಲು ಕೊಟ್ಟ ಮಾತ್ರೆ ನಾಟಲಿಲ್ಲ, ಎರಡನೆಯದೂ ನಾಟಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಮೂತ್ರದ ಪರೀಕ್ಷೆ ಮಾಡಿಸಿ ಬಂದ ಕಾಗದದಲ್ಲಿ ಔಷಧಿಗಳ ಹೆಸರು ಸಾಲಾಗಿ ಇದ್ದವು. ಕೆಲಸ ಮಾಡುವ ಔಷಧಿಯ ಮುಂದೆ ‘ಎಸ್’, ಮಾಡದ ಔಷಧಿಯ ಮುಂದೆ ‘ಆರ್’. ಹೆಚ್ಚಿನ ಸಾಲುಗಳ ಮುಂದೆ ‘ಆರ್’ ಎಂದೇ ಇತ್ತು. ಡಾಕ್ಟರಮ್ಮ ಆ ಕಾಗದವನ್ನು ನಮ್ಮ ಕಡೆ ತಿರುಗಿಸಿ, "ಈ ರೋಗಾಣು ಇಷ್ಟೂ ಔಷಧಿಗೆ ಪಳಗಿಬಿಟ್ಟಿದೆ. ಹಿಂದೆ ಇವರಿಗೆ ಮಾತ್ರೆ ಅರ್ಧಕ್ಕೆ ನಿಲ್ಲಿಸಿದ್ದಿರಾ?" ಎಂದು ಕೇಳಿದರು.

ನಾವು ಮುಖ ಮುಖ ನೋಡಿಕೊಂಡೆವು. ನಿಲ್ಲಿಸಿದ್ದೆವು. ಒಂದಲ್ಲ, ಹಲವು ಸಲ. ಜ್ವರ ಬಿಟ್ಟ ಕೂಡಲೇ ಉಳಿದ ಮಾತ್ರೆಯನ್ನು ಡಬ್ಬಿಯಲ್ಲಿಟ್ಟು, ಮುಂದೆ ಯಾರಿಗೋ ನೆಗಡಿಯಾದಾಗ ಅದನ್ನೇ ಕೊಟ್ಟಿದ್ದೆವು. ಹಾಗೆಯೇ ನಮ್ಮ ಮನಸ್ಸಿನಲ್ಲಿದ್ದ ಇನ್ನೊಂದು ಮಾತನ್ನೂ ಕೇಳಿದೆವು: "ಕೋಳಿಗೆ ಔಷಧಿ ಕೊಡುತ್ತಾರಂತಲ್ಲ ಡಾಕ್ಟರೇ, ಅದರಿಂದಲೂ ಹೀಗಾಗುತ್ತದಾ?" ಅವರು ಪ್ರಾಮಾಣಿಕವಾಗಿ ಉತ್ತರಿಸಿದರು. "ನಿಮ್ಮ ಅಮ್ಮನಿಗೆ ಎಲ್ಲಿಂದ ಬಂತು ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು. ಆದರೆ ಅದೂ ಒಂದು ದಾರಿ."

ದೇವರ ದಯೆಯಿಂದ ‘ಎಸ್’ ಎಂದಿದ್ದ ಒಂದು ಚುಚ್ಚುಮದ್ದು ಹಿಡಿಯಿತು, ಅಮ್ಮ ಮನೆಗೆ ಬಂದರು. ಎಲ್ಲರ ಮನೆಯಲ್ಲೂ ಹೀಗಾಗುವುದಿಲ್ಲ. 2019ನೇ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ.

ಕೋಳಿಯ ಮಾತು ನಮಗೆ ಬರೀ ಮಾತಲ್ಲ, ನೆಂಟಸ್ತಿಕೆಯ ವಿಷಯ. ನಮ್ಮದು ಕೊಳ್ಳೇಗಾಲ ಸೀಮೆ. 1956ರಲ್ಲಿ ರಾಜ್ಯಗಳ ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿ ಬದಲಾದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ನಮ್ಮ ಅಕ್ಕನನ್ನು ಕೊಟ್ಟಿರುವುದು ಪಲ್ಲಡಂ ಹತ್ತಿರದ ಒಂದು ಹಳ್ಳಿಗೆ. ಆಗ ಅದೂ ಕೊಯಮತ್ತೂರು ಜಿಲ್ಲೆಯೇ, 2009ರಿಂದ ತಿರುಪ್ಪೂರು ಜಿಲ್ಲೆ. ಭಾವನಿಗೆ ಎರಡು ಕೋಳಿ ಶೆಡ್ ಇವೆ. ಭಾವನ ಅಣ್ಣ, ನಾವು ದೊಡ್ಡ ಭಾವ ಎನ್ನುವವರು, ಉಡುಮಲೈ ಕಡೆ ತೆಂಗು ಬೆಳೆಯುತ್ತಾರೆ. ಹದಿನೈದು ವರ್ಷದಿಂದ ಅವರು ತೋಟಕ್ಕೆ ರಾಸಾಯನಿಕ ಮುಟ್ಟಿಸಿಲ್ಲ. ಅಣ್ಣ ತಮ್ಮ ಇಬ್ಬರೂ ಒಳ್ಳೆಯವರೇ. ಆದರೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಸಾವಯವದ ಜಗಳ ತಪ್ಪುತ್ತಿರಲಿಲ್ಲ.

ಅಮ್ಮ ಚೇತರಿಸಿಕೊಂಡ ಮೇಲೆ, ಬೇಸಿಗೆ ರಜೆಯಲ್ಲಿ ಅವರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಮೊದಲ ಸಲ ಶೆಡ್ಡಿನ ಒಳಗೆ ನಿಂತು ಎಲ್ಲವನ್ನೂ ಕೇಳಿ ತಿಳಿದುಕೊಂಡೆವು. ಕಂಪನಿಯವರು ಒಂದು ದಿನದ ಮರಿ, ಮೆಕ್ಕೆಜೋಳ ಸೋಯಾದ ತೀವನಿ, ಲಸಿಕೆ, ಔಷಧಿ ಎಲ್ಲವನ್ನೂ ತಂದುಕೊಡುತ್ತಾರೆ. ಶೆಡ್ಡು, ನೀರು, ಕರೆಂಟು, ಮೈಮುರಿ ದುಡಿತ ರೈತನದು. ನೆಲಕ್ಕೆ ತೆಂಗಿನ ನಾರಿನ ಪುಡಿ ಹಾಸಿರುತ್ತಾರೆ. ಸುಮಾರು ನಲವತ್ತು ದಿನಕ್ಕೆ ಮರಿ ಎರಡು ಕೆ.ಜಿ. ತೂಗುತ್ತದೆ. ಲಾರಿ ಬಂದು ಹಿಡಿದುಕೊಂಡು ಹೋಗುತ್ತದೆ, ರೈತನಿಗೆ ಕೆ.ಜಿ.ಗೆ ಇಷ್ಟೆಂದು ಸಾಕಣೆ ಕೂಲಿ ಸಿಗುತ್ತದೆ. ತೀವನಿ ಹೆಚ್ಚು ತಿಂದರೆ, ಕೋಳಿ ಹೆಚ್ಚು ಸತ್ತರೆ ಆ ಕೂಲಿ ಇಳಿಯುತ್ತದೆ. ದೇಶಕ್ಕೆಲ್ಲ ಹಬ್ಬಿದ ಈ ಒಪ್ಪಂದದ ಕೋಳಿಸಾಕಣೆ ಬೇರುಬಿಟ್ಟದ್ದೇ ಈ ಉಡುಮಲೈ, ಪಲ್ಲಡಂ ಸೀಮೆಯಲ್ಲಿ. ಮಳೆ ಕಡಿಮೆಯ, ಬೋರ್‌ವೆಲ್ ಬತ್ತುವ ಈ ನೆಲದಲ್ಲಿ ನಮ್ಮ ಅಕ್ಕನ ಇಬ್ಬರು ಮಕ್ಕಳು ಕಾಲೇಜು ಓದಿದ್ದು ಇದೇ ಕೋಳಿಯಿಂದ.

"ಮರಿ ಬಂದ ಮೊದಲ ವಾರ ನೀರಿಗೆ ಹಾಕುವ ಆ ಪುಡಿ ಏನು ಭಾವ?" ಎಂದು ಕೇಳಿದೆವು.

"ರೋಗ ಬರಬಾರದು ಅಂತ ಕೊಡುವುದು."

"ರೋಗ ಬಂದಿದೆಯಾ?"

"ಬಂದ ಮೇಲೆ ಕೊಟ್ಟರೆ ಏನು ಪ್ರಯೋಜನ? ಒಂದು ರಾತ್ರಿಗೆ ಇನ್ನೂರು ಕೋಳಿ ಸತ್ತರೆ ಯಾರು ತುಂಬಿಕೊಡುತ್ತಾರೆ? ಪಕ್ಕದ ಶೆಡ್ಡಿನವರೂ ಹಾಕುತ್ತಾರೆ, ನಾವೂ ಹಾಕುತ್ತೇವೆ."

ಪೊಟ್ಟಣದ ಮೇಲಿನ ಹೆಸರನ್ನು ಓದಿದೆವು. ಅಮ್ಮನ ಆಸ್ಪತ್ರೆಯ ಕಾಗದದಲ್ಲಿ ‘ಆರ್’ ಎಂದಿದ್ದ ಹೆಸರುಗಳಲ್ಲಿ ಅದೂ ಒಂದು. ಅಮ್ಮ ಪಕ್ಕದಲ್ಲೇ ನಿಂತಿದ್ದರು. ನಾವು ಏನೂ ಹೇಳಲಿಲ್ಲ. ಅಳಿಯನ ಮುಂದೆ ಆ ಮಾತು ಎತ್ತಬೇಡಿ ಎಂದು ಅವರು ಕಣ್ಣಿನಲ್ಲೇ ಸನ್ನೆ ಮಾಡಿದ್ದರು.

ಇದರ ಬಗ್ಗೆ ಸರ್ಕಾರಗಳು ಎಚ್ಚೆತ್ತಿಲ್ಲವೆಂದಲ್ಲ. ಆರೋಗ್ಯವಾಗಿರುವ ಪ್ರಾಣಿಗಳಿಗೆ ಬೇಗ ಬೆಳೆಯಲಿ ಎಂದಾಗಲೀ ರೋಗ ಬಾರದಿರಲಿ ಎಂದಾಗಲೀ ಆಂಟಿಬಯೋಟಿಕ್ ಕೊಡುವ ರೂಢಿ ನಿಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ಕೊಲಿಸ್ಟಿನ್ ಎಂಬ ಔಷಧಿ ಆಸ್ಪತ್ರೆಗಳಲ್ಲಿ ಬೇರೆಲ್ಲ ಸೋತ ಮೇಲೆ ಬಳಸುವ ಕೊನೆಯ ಅಸ್ತ್ರ. ಅದನ್ನು ಕೋಳಿ ತೀವನಿಗೂ ಬೆರೆಸುತ್ತಿದ್ದರು. 2019ರ ಜುಲೈಯಲ್ಲಿ ಭಾರತ ಸರ್ಕಾರ ಅದನ್ನು ಆಹಾರದ ಪ್ರಾಣಿಗಳಿಗೆ ಬಳಸಲು ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಬೆಳೆಗಳ ಮೇಲೂ ಆಂಟಿಬಯೋಟಿಕ್ ಸಿಂಪಡಿಸುತ್ತಾರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. ಕ್ಷಯರೋಗಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೋಮೈಸಿನ್ನನ್ನು ಟೆಟ್ರಾಸೈಕ್ಲಿನ್ ಜೊತೆ ಸೇರಿಸಿ ಭತ್ತದ ಎಲೆ ರೋಗಕ್ಕೂ ಹೊಡೆಯುವುದಿತ್ತು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು.

ಆ ರಾತ್ರಿ ದೊಡ್ಡ ಭಾವನೂ ಊಟಕ್ಕೆ ಬಂದಿದ್ದರು. ಅವರು ತಮ್ಮ ಕಥೆ ತೆಗೆದರು. ಕಥೆ ಚೆನ್ನಾಗಿತ್ತು, ನಿಜವೂ ಆಗಿತ್ತು. 2008ರಲ್ಲಿ ಪರಂಗಿ ಗಿಡದ ಬಿಳಿ ಹಿಟ್ಟುತಿಗಣೆ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಕೊಯಮತ್ತೂರಿನಲ್ಲೇ. ನೋಡುತ್ತಿದ್ದಂತೆ ಪರಂಗಿ, ಮರಗೆಣಸು, ಹಿಪ್ಪುನೇರಳೆ ಎಲ್ಲಕ್ಕೂ ಹತ್ತಿತು. ಮೈಮೇಲೆ ಮೇಣದಂಥ ಪುಡಿ ಇರುವ ಹುಳಕ್ಕೆ ಎಷ್ಟು ವಿಷ ಹೊಡೆದರೂ ತಾಗಲಿಲ್ಲ. ಅದರ ಬದಲು, ಅದನ್ನು ತಿನ್ನಬಲ್ಲ ಬೇರೆ ಹುಳಗಳು ಸತ್ತವು. ರೇಷ್ಮೆಯವರ ಪಾಡಂತೂ ಕೇಳುವುದೇ ಬೇಡ. ವಿಷ ಹೊಡೆದ ಸೊಪ್ಪು ಹಾಕಿದರೆ ರೇಷ್ಮೆಹುಳವೇ ಸಾಯುತ್ತದೆ. ಕೊನೆಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು 2010ರಲ್ಲಿ ದೂರದ ಪೋರ್ಟೋರಿಕೋದಿಂದ ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣ ಕಣಜವೊಂದನ್ನು ತರಿಸಿದರು. ಅದು ಹಿಟ್ಟುತಿಗಣೆಯ ಹೊಟ್ಟೆಯೊಳಗೇ ಮೊಟ್ಟೆಯಿಡುತ್ತದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರೂ ಸೇರಿ ಅದನ್ನು ಬೆಳೆಸಿ ತೋಟಗಳಿಗೆ ಬಿಟ್ಟರು. ಒಂದೆರಡು ವರ್ಷದೊಳಗೆ ಕಾಟ ಇಳಿಯಿತು. 2016ರಲ್ಲಿ ಪೊಳ್ಳಾಚಿಯ ತೆಂಗಿಗೆ ಹೊಸ ಬಿಳಿನೊಣ ಬಂದಾಗಲೂ ವಿಜ್ಞಾನಿಗಳು ಕೊಟ್ಟ ಬುದ್ಧಿವಾದ ಅದೇ: ವಿಷ ಹೊಡೆಯಬೇಡಿ, ಅದರ ಶತ್ರು ಕೀಟವನ್ನು ಉಳಿಸಿಕೊಳ್ಳಿ.

"ನೋಡಿದೆಯಾ ತಮ್ಮಾ, ಕಾಯುವುದು ಕಲಿಯಬೇಕು," ಎಂದರು ದೊಡ್ಡ ಭಾವ.

"ನಿನ್ನ ತೆಂಗು ಕಾಯುತ್ತದೆ ಅಣ್ಣ. ನನ್ನ ಕೋಳಿ ಕಾಯೋಲ್ಲ. ರೋಗ ಬಿದ್ದ ಕೋಳಿ ಎದುರಿಗೆ ಒದ್ದಾಡುತ್ತಿದ್ದರೆ ಮದ್ದು ಕೊಡದೆ ಸಾವಯವ ಅಂತ ಕೂತಿರಲಾ?"

ಈ ಪ್ರಶ್ನೆಯೂ ಸರಿಯಾದದ್ದೇ. ರೋಗ ಬಿದ್ದ ಪ್ರಾಣಿಗೆ ಚಿಕಿತ್ಸೆ ತಪ್ಪಿಸಬಾರದೆಂದು ಸಾವಯವದ ನಿಯಮಗಳೂ ಹೇಳುತ್ತವೆ. ಅಮೆರಿಕದಲ್ಲಿ ಆಂಟಿಬಯೋಟಿಕ್ ಕೊಟ್ಟ ಪ್ರಾಣಿಯನ್ನು ಸಾವಯವ ಎಂದು ಮಾರುವಂತಿಲ್ಲ, ಆದರೆ ಆ ಹೆಸರು ಉಳಿಸಿಕೊಳ್ಳಲು ಮದ್ದು ಕೊಡದೇ ಇರುವಂತೆಯೂ ಇಲ್ಲ. ಸಾವಯವ ಎಂದರೆ ಮದ್ದೇ ಇಲ್ಲವೆಂಬುದೂ ನಿಜವಲ್ಲ. ಬೇವಿನೆಣ್ಣೆಯೂ ಕೀಟನಾಶಕವೇ. ನಮ್ಮ ಮಲೆನಾಡಿನವರು ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲೂ ಮಿತಿಯೊಳಗೆ ಅವಕಾಶವಿದೆ. ಅತಿಯಾದರೆ ಅದರ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ.

ಜಗಳ ಬಿಸಿಯಾಗುತ್ತಿದ್ದಾಗ ಅಕ್ಕ ಅನ್ನ ಬಡಿಸುತ್ತಾ ಒಂದೇ ಮಾತು ಹೇಳಿದಳು: "ದೊಡ್ಡ ಭಾವ, ನಿಮ್ಮ ತೋಟಕ್ಕೆ ಹಾಕುವ ಗೊಬ್ಬರ ನಮ್ಮ ಶೆಡ್ಡಿನದಲ್ಲವಾ?"

ಎಲ್ಲರೂ ಸುಮ್ಮನಾದರು. ಪ್ರತಿ ಸಲ ಶೆಡ್ ಖಾಲಿಯಾದಾಗ ಹಿಕ್ಕೆ ಬೆರೆತ ಆ ನಾರಿನ ಪುಡಿ ಟ್ರಾಕ್ಟರಿನಲ್ಲಿ ದೊಡ್ಡ ಭಾವನ ತೋಟಕ್ಕೇ ಹೋಗುತ್ತಿತ್ತು. ಕೋಳಿಗೆ ಕೊಟ್ಟ ಔಷಧಿಯಲ್ಲಿ ಒಂದು ಪಾಲು ಹಿಕ್ಕೆಯಲ್ಲೇ ಹೊರಬರುತ್ತದೆ. ಔಷಧಿಗೆ ಪಳಗಿದ ರೋಗಾಣುಗಳೂ ಅದರೊಡನೆ ಬರುತ್ತವೆ. ಮಾಂಸವನ್ನು ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ. ಔಷಧಿ ನಿಲ್ಲಿಸಿ ಹೇಳಿದಷ್ಟು ದಿನ ಕಾದು ಮಾರಿದರೆ ಮಾಂಸದಲ್ಲಿ ಔಷಧಿಯ ಶೇಷವೂ ಮಿತಿಗಿಂತ ಕೆಳಗಿಳಿಯುತ್ತದೆ. ಆದರೆ ಗೊಬ್ಬರದಲ್ಲಿ, ನೀರಿನಲ್ಲಿ, ಶೆಡ್ ಗುಡಿಸುವವರ ಕೈಯಲ್ಲಿ ಹೋಗುವುದನ್ನು ಯಾವ ಒಲೆ ಬೇಯಿಸೀತು? ಅಣ್ಣನದು ಬೇರೆ ದಾರಿ, ತಮ್ಮನದು ಬೇರೆ ದಾರಿ ಎಂದುಕೊಂಡಿದ್ದೆವು. ಎರಡು ಹೊಲಕ್ಕೂ ಗಾಡಿ ಓಡಾಡುವ ದಾರಿ ಒಂದೇ ಆಗಿತ್ತು.

ಆಗ ಅಮ್ಮ ಬಾಯಿ ಬಿಟ್ಟರು. ತಮ್ಮ ಆಸ್ಪತ್ರೆಯ ಸಂಗತಿಯನ್ನು ಅಳಿಯನಿಗೆ ಅವರೇ ಹೇಳಿದರು, ದೂರುವ ಧಾಟಿಯಲ್ಲಿ ಅಲ್ಲ. "ನಿಮ್ಮ ಕೋಳಿಯಿಂದ ಬಂತು ಅಂತ ನಾನು ಹೇಳ್ತಾ ಇಲ್ಲಪ್ಪ. ನಮ್ಮ ಮನೆ ಮಾತ್ರೆ ಡಬ್ಬಿಯಿಂದಲೂ ಬಂದಿರಬಹುದು. ನಾವೂ ಭಯಕ್ಕೆ ನುಂಗಿದೆವು, ನೀವೂ ಭಯಕ್ಕೆ ಹಾಕ್ತೀರಿ. ಕೊನೆಗೆ ಬೇಕಾದಾಗ ಮದ್ದೇ ಇಲ್ಲ ಅಂತಾಯ್ತು."

ಅಮ್ಮ ಓದಿದವರಲ್ಲ. ಆದರೆ ಇಡೀ ವಾದದ ತಿರುಳು ಆ ಮಾತಿನಲ್ಲಿತ್ತು ಎಂದು ನಮಗೆ ಈಗಲೂ ಅನಿಸುತ್ತದೆ. ಮದ್ದು ಇರುವುದು ರೋಗಕ್ಕೆ. ಅದು ಭಯಕ್ಕೆ, ರೂಢಿಗೆ, ಕ್ಯಾಲೆಂಡರಿಗೆ ಬಳಕೆಯಾದ ಕಡೆಯೆಲ್ಲ ಅನಾಹುತವಾಗಿದೆ. ನಮ್ಮ ಕಾಸರಗೋಡನ್ನೇ ನೆನೆಯಿರಿ. ಅಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ವರ್ಷಕ್ಕೆ ಇಷ್ಟು ಸಲ ಎಂಬ ಲೆಕ್ಕದಲ್ಲಿ. 2000ದಲ್ಲಿ ಅದು ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳಿದ್ದರು. ಆ ತಾಯಂದಿರ ಮುಂದೆ ಸಾವಯವ ಮೇಲೋ, ರಾಸಾಯನಿಕ ಮೇಲೋ ಎಂದು ವಾದ ಹೂಡುವ ಧೈರ್ಯ ನಮಗಿಲ್ಲ.

ಆಮೇಲೆ ಏನಾಯಿತು? ದೊಡ್ಡ ಬದಲಾವಣೆ ಏನೂ ಆಗಲಿಲ್ಲ, ಸಣ್ಣವು ಕೆಲವು ಆದವು. ಭಾವ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ದಿನ ಯಾವ ಪುಡಿ, ಯಾಕೆ, ಯಾರು ಹೇಳಿದ್ದು, ಎಂದು ನಿಲ್ಲಿಸಿದ್ದು ಎಲ್ಲ ಅದರಲ್ಲಿದೆ. ಮೇಲ್ವಿಚಾರಕ ಬಂದಾಗ "ರೋಗ ಏನು ಸಾರ್?" ಎಂದು ಕೇಳುತ್ತಾರೆ. ನೀರಿನ ಪೈಪು ತೊಳೆಯುವುದು, ಬಾಗಿಲಲ್ಲಿ ಕಾಲು ಅದ್ದಲು ಔಷಧಿ ನೀರಿನ ತೊಟ್ಟಿ, ಒಂದು ತಂಡ ಹೋದ ಮೇಲೆ ಶೆಡ್ಡನ್ನು ಸಾಕಷ್ಟು ದಿನ ಖಾಲಿ ಬಿಡುವುದು, ಇವನ್ನೆಲ್ಲ ಬಿಗಿ ಮಾಡಿದ್ದಾರೆ. ಕಳೆದ ಸಲ ಎರಡು ತಂಡಗಳಿಗೆ ಮೊದಲ ವಾರದ ಪುಡಿ ಹಾಕಲಿಲ್ಲ. ಒಂದು ತಂಡ ಚೆನ್ನಾಗಿ ಬಂತು. ಇನ್ನೊಂದರಲ್ಲಿ ಕೋಳಿ ಹೆಚ್ಚು ಸತ್ತು ಕೂಲಿ ಇಳಿಯಿತು. ಆ ತಿಂಗಳು ಅಕ್ಕ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಒಳ್ಳೆಯದು ಮಾಡಹೊರಟವನ ನಷ್ಟವನ್ನು ಹಂಚಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ದೊಡ್ಡ ಭಾವ ಈಗ ಆ ಗೊಬ್ಬರವನ್ನು ನೇರವಾಗಿ ಬುಡಕ್ಕೆ ಹಾಕುವುದಿಲ್ಲ. ರಾಶಿ ಹಾಕಿ, ನೀರು ಚಿಮುಕಿಸಿ, ಬಿಸಿಯೇರಿಸಿ, ತಿಂಗಳುಗಟ್ಟಲೆ ಕೊಳೆಸಿ ಆಮೇಲೆ ಹಾಕುತ್ತಾರೆ. ಅದರಿಂದ ದೋಷ ಪೂರ್ತಿ ಹೋಗದಿದ್ದರೂ ತಗ್ಗುತ್ತದೆ.

ನಮ್ಮ ಮನೆಯಲ್ಲೂ ಭಾನುವಾರದ ಕೋಳಿಸಾರು ನಿಂತಿಲ್ಲ. ನಿಲ್ಲಿಸಿದರೆ ಅಕ್ಕನ ಮನೆಯ ಒಲೆಯೂ ಆರುತ್ತದೆ. ಹಸಿ ಮಾಂಸ ಮುಟ್ಟಿದ ಕೈಯನ್ನೂ ಮಣೆಯನ್ನೂ ಸೋಪು ಹಾಕಿ ತೊಳೆಯುತ್ತೇವೆ. ಅಂಗಡಿಯಲ್ಲಿ ಹತ್ತು ರೂಪಾಯಿ ಕಡಿಮೆ ಎಲ್ಲಿ ಎಂದು ಹುಡುಕುವಾಗ, ಆ ಹತ್ತು ರೂಪಾಯಿ ಯಾರ ಕೂಲಿಯಿಂದ ಇಳಿಯುತ್ತದೆಂದು ಈಗ ಗೊತ್ತು. ಕಲೆಯಿಲ್ಲದ ಬದನೆಯನ್ನೇ ಆರಿಸುವ ನಮ್ಮ ಬೆರಳೂ ಹೊಲದಲ್ಲಿ ವಿಷ ಹೊಡೆಸುತ್ತದೆ ಎಂಬುದೂ ಗೊತ್ತು.

ಮಾತ್ರೆಯ ಡಬ್ಬಿಯನ್ನು ಮಾತ್ರ ಖಾಲಿ ಮಾಡಿದ್ದೇವೆ. ಕೊಟ್ಟ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ನುಂಗುತ್ತೇವೆ, ಕೊಡದ್ದನ್ನು ಕೇಳುವುದಿಲ್ಲ. ಮೊನ್ನೆ ಮೊಮ್ಮಗನಿಗೆ ನೆಗಡಿಯಾದಾಗ "ಆ ಹಳದಿ ಮಾತ್ರೆ ಒಂದಿತ್ತಲ್ಲ?" ಎಂದು ಪಕ್ಕದ ಮನೆಯವರು ಕೇಳಿದರು. ಅಮ್ಮ ಒಲೆಯ ಮುಂದಿನಿಂದಲೇ ಕೂಗಿ ಹೇಳಿದರು: "ಅದು ರೋಗಕ್ಕೆ ಕಣಮ್ಮ. ಇದು ಬರೀ ನೆಗಡಿ. ಮೆಣಸಿನ ಸಾರು ಮಾಡ್ತೀನಿ, ತಾಳು."