ಮಗ್ಗಿಯೂ ಉಪಪತ್ತಿಯೂ

ಮಗ್ಗಿಯನ್ನು ಕಲಿಯುವ ಬಾಲಕನು ‘ಏಳೆಂಟ್ಲಿ ಐವತ್ತಾರು’ ಎಂದು ಒಂದು ದಿನ ಒಪ್ಪಿಸುವನು; ಮರುದಿನ ‘ಎಂಟೇಳ್ಲಿ ಐವತ್ತಾರು’ ಎಂದು ಒಪ್ಪಿಸುವನು. ಮೊದಲನೆಯದು ಏಳೇಳಾಗಿ ಏರುವ ಮಗ್ಗಿ. ಎರಡನೆಯದು ಎಂಟೆಂಟಾಗಿ ಏರುವುದು. ಒಂದರ ಎಂಟನೆಯ ಮೆಟ್ಟಿಲೂ ಇನ್ನೊಂದರ ಏಳನೆಯ ಮೆಟ್ಟಿಲೂ ಒಂದೇ ಎತ್ತರಕ್ಕೆ ಬಂದು ಸೇರುವುದೇಕೆ? ಹೀಗೆಂದು ಆ ಬಾಲಕನು ಕೇಳಿದನಾದರೆ, ‘ಅದು ಇರುವುದೇ ಹಾಗೆ, ಬಾಯಿಪಾಠ ಮಾಡು’ ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುವುದು. ಆದರೆ ಆ ಪ್ರಶ್ನೆಯು ಬಾಲಿಶವಾದುದಲ್ಲ.

ಹುಣಿಸೆಯ ಬೀಜಗಳನ್ನು ಸಾಲಿಗೆ ಎಂಟರಂತೆ ಏಳು ಸಾಲುಗಳಾಗಿ ಜೋಡಿಸಿ ಪಕ್ಕದಿಂದ ನೋಡಿದರೆ, ಅವೇ ಬೀಜಗಳು ಸಾಲಿಗೆ ಏಳರಂತೆ ಎಂಟು ಸಾಲುಗಳಾಗಿ ತೋರುವುವು. ಇಷ್ಟು ಸಾಲದೆ ಎಂದು ಲೌಕಿಕರು ಆಕ್ಷೇಪಿಸಬಹುದು. ವ್ಯವಹಾರಕ್ಕೆ ಇಷ್ಟು ಧಾರಾಳವಾಗಿ ಸಾಕು. ಆದರೆ ಕಣ್ಣು ಕಂಡುದು ಐವತ್ತಾರು ಬೀಜಗಳನ್ನು. ಬುದ್ಧಿಯು ಹೇಳಹೊರಟುದು ಕೊನೆಯೇ ಇಲ್ಲದ ಸಂಖ್ಯೆಗಳೆಲ್ಲವುಗಳ ಮಾತನ್ನು. ಅಲ್ಲದೆ, ಈ ಚಿತ್ರವು ಮನಸ್ಸನ್ನು ಒಪ್ಪಿಸುವುದೇ ಹೊರತು, ಆ ನಿಯಮವು ಯಾವ ಆಧಾರದ ಮೇಲೆ ನಿಂತಿರುವುದೆಂಬುದನ್ನು ತಿಳಿಸದು.

ಆ ಆಧಾರವನ್ನು ತೋರಿಸಿಕೊಟ್ಟವನು ಪ್ರಷ್ಯದ ಸ್ಟೆಟಿನ್ ಪಟ್ಟಣದಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದ ಹೆರ್ಮಾನ್ ಗ್ರಾಸ್ಮನ್. 1861ರಲ್ಲಿ ಪ್ರಕಟವಾದ ತನ್ನ ಅಂಕಗಣಿತದ ಪಠ್ಯಪುಸ್ತಕದಲ್ಲಿ ಆತನು ಗುಣಾಕಾರವನ್ನು ಎರಡೇ ಮಾತುಗಳಲ್ಲಿ ನಿರೂಪಿಸಿದನು. ಗುಣಕವು ಒಂದಾದರೆ ಲಬ್ಧವು ಗುಣ್ಯವೇ. ಗುಣಕಕ್ಕೆ ಒಂದನ್ನು ಕೂಡಿದರೆ ಲಬ್ಧಕ್ಕೆ ಒಂದು ಗುಣ್ಯವು ಕೂಡುವುದು. ಮಗ್ಗಿಯು ಏರುವುದೂ ಹೀಗೆಯೇ ಅಲ್ಲವೆ? ಇವುಗಳಿಂದಲೂ, ಮೊದಲೇ ಸಾಧಿಸಿಟ್ಟುಕೊಂಡಿದ್ದ ಸಂಕಲನದ ನಿಯಮಗಳಿಂದಲೂ, ಗುಣ್ಯಗುಣಕಗಳನ್ನು ಅದಲುಬದಲು ಮಾಡಿದರೆ ಲಬ್ಧವು ಬೇರೆಯಾಗದೆಂಬುದನ್ನು ಆತನು ಸಾಧಿಸಿದನು. ಈ ಬಗೆಯ ಸಾಧನೆಯ ಕ್ರಮವಿದು: ನಿಯಮವು ಒಂದು ಎಂಬ ಸಂಖ್ಯೆಗೆ ಸಲ್ಲುವುದೆಂದು ಮೊದಲು ತೋರಿಸಬೇಕು, ಬಳಿಕ, ಯಾವ ಸಂಖ್ಯೆಗೆ ಸಂದರೂ ಅದರ ಮುಂದಿನದಕ್ಕೂ ಸಲ್ಲುವುದೆಂದು ತೋರಿಸಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ನಡೆದ ಸತ್ಯವು ಮುಂದೆಲ್ಲಿಯೂ ನಿಲ್ಲದು. 1889ರಲ್ಲಿ ಇಟಲಿಯ ಪೆಯಾನೋ ಎಂಬಾತನು ಇಡೀ ಅಂಕಗಣಿತವನ್ನು ಇಂತಹ ಕೆಲವೇ ಮೂಲತತ್ತ್ವಗಳ ಮೇಲೆ ನಿಲ್ಲಿಸಿದನು.

ಇಷ್ಟು ಶ್ರಮದಿಂದ ಬಂದ ಫಲವೇನು? ಐವತ್ತಾರು ಐವತ್ತಾರಾಗಿಯೇ ಉಳಿಯಿತಲ್ಲ! ದಿಟ, ಆದರೆ ಆ ನಿಯಮದ ಎಲ್ಲೆಯು ಎಲ್ಲಿಯವರೆಗೆಂಬುದು ಗೊತ್ತಾಯಿತು. ಗ್ರಾಸ್ಮನ್ನನ ಪುಸ್ತಕಕ್ಕೆ 18 ವರ್ಷ ಮೊದಲು, 1843ರ ಅಕ್ಟೋಬರ್ 16ರಂದು, ಡಬ್ಲಿನ್ನಿನ ಕಾಲುವೆಯೊಂದರ ದಂಡೆಯಲ್ಲಿ ನಡೆಯುತ್ತಿದ್ದ ಹ್ಯಾಮಿಲ್ಟನ್ ಪಂಡಿತನಿಗೆ ಕ್ವಾಟರ್ನಿಯನ್ ಎಂಬ ಹೊಸ ಬಗೆಯ ಸಂಖ್ಯೆಗಳು ಹೊಳೆದುವು. ಅವುಗಳಲ್ಲಿ ಗುಣ್ಯಗುಣಕಗಳನ್ನು ಅದಲುಬದಲು ಮಾಡಿದರೆ ಧನವಾಗಿದ್ದ ಲಬ್ಧವು ಋಣವಾಗುವುದುಂಟು. ಇದು ವಿನೋದಕ್ಕಾಗಿ ಕಟ್ಟಿದ ಲೆಕ್ಕವಲ್ಲ. ಒಂದು ಪುಸ್ತಕವನ್ನು ಮೊದಲು ಮುಂದಕ್ಕೆ ಕಾಲು ಸುತ್ತು ಉರುಳಿಸಿ, ಅನಂತರ ಬಲಕ್ಕೆ ಕಾಲು ಸುತ್ತು ತಿರುಗಿಸಿ ನೋಡಿರಿ. ಇವನ್ನೇ ಹಿಂದುಮುಂದಾಗಿ ಮಾಡಿದರೆ ಪುಸ್ತಕವು ಬೇರೊಂದು ಭಂಗಿಯಲ್ಲಿ ನಿಲ್ಲುವುದು. ತಿರುಗುವ ವಸ್ತುಗಳ ಗಣಿತವು ಮಗ್ಗಿಯ ನಿಯಮಕ್ಕೆ ಒಳಪಡದು. ವ್ಯೋಮನೌಕೆಯು ಯಾವ ದಿಕ್ಕಿಗೆ ಮುಖಮಾಡಿದೆಯೆಂದು ಲೆಕ್ಕಹಾಕುವವರು ಇಂದಿಗೂ ಹ್ಯಾಮಿಲ್ಟನ್ನನ ಸಂಖ್ಯೆಗಳನ್ನು ಬಳಸುವರು. ಅದಲುಬದಲಿನ ನಿಯಮವನ್ನು ಸ್ವತಃಸಿದ್ಧವೆಂದು ನಂಬಿ ಅಲ್ಲಿಗೂ ಕೊಂಡೊಯ್ದವನ ಲೆಕ್ಕವು ತಪ್ಪದೆ ಇರದು.

1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಉಪಪತ್ತಿಯ ಪ್ರಯೋಜನವನ್ನು ಎರಡಾಗಿ ಎಣಿಸಿರುವನು. ಉಪಪತ್ತಿಯನ್ನು ಅರಿಯದ ಗಣಕನಿಗೆ ವಿದ್ವತ್ಸಭೆಯಲ್ಲಿ ಗೌರವವು ದೊರೆಯದು. ಆತನ ಸ್ವಂತ ಸಂದೇಹವೂ ತೀರದು. ಸಭೆಯ ಗೌರವವು ಎಲ್ಲರಿಗೂ ಬೇಕಾದುದಲ್ಲ. ಎರಡನೆಯ ಮಾತಾದರೋ, ಮಕ್ಕಳು ಮಗ್ಗಿ ಹೇಳುವ ಪ್ರತಿಯೊಂದು ಮನೆಗೂ ಸಲ್ಲತಕ್ಕುದು.